ಒಂದೇ ಬಾಣಲೆ, ಎರಡು ತಟ್ಟೆ: ಕೊಬ್ಬರಿ ಮಿಠಾಯಿಯನ್ನು ಸಮನಾಗಿ ಕತ್ತರಿಸಿದ ಒಂದು ಪ್ರಕರಣ

ಹಿನ್ನೆಲೆ

ತುಮಕೂರಿನ ಹಳೆಯ ಬಡಾವಣೆಯೊಂದರಲ್ಲಿ ವಾಸವಾಗಿದ್ದು, ಮನೆಯಲ್ಲೇ ಸಿಹಿತಿಂಡಿ ಮಾಡಿ ಆರ್ಡರಿನ ಮೇಲೆ ಕೊಡುವ ಒಬ್ಬ ಗೃಹಿಣಿಯ ಅಡುಗೆಮನೆಯಲ್ಲಿ ಸುಮಾರು ಎರಡು ತಿಂಗಳ ಅವಧಿಯಲ್ಲಿ ನಡೆದದ್ದನ್ನು ಇಲ್ಲಿ ದಾಖಲಿಸುತ್ತಿದ್ದೇನೆ. ಅವರನ್ನು ಈ ಬರಹದಲ್ಲಿ ಪದ್ಮಕ್ಕ ಎಂದು ಕರೆದಿದ್ದೇನೆ. ಅದು ಅವರ ಹೆಸರಲ್ಲ. ಅವರ ಅತ್ತೆಯವರದಾಗಲಿ, ಮಗಳದಾಗಲಿ, ಆರ್ಡರು ಕೊಟ್ಟ ಮನೆಯವರದಾಗಲಿ ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ, ಆದರೆ ಅಳತೆ, ಹೊತ್ತು, ತೂಕಗಳನ್ನು ಆಗ ಬರೆದಿಟ್ಟುಕೊಂಡಂತೆಯೇ ಕೊಟ್ಟಿದ್ದೇನೆ. ನಾನು ಗೃಹವಿಜ್ಞಾನ ಕಲಿಸಿ ನಿವೃತ್ತಳಾದವಳು, ಅದೇ ಬೀದಿಯವಳು. ನನ್ನನ್ನು ಕರೆಯುವ ಮೊದಲು ನಡೆದದ್ದನ್ನು ಅವರಿಂದ ಕೇಳಿ ತಿಳಿದೆ. ಅಲ್ಲಿಂದ ಮುಂದಿನದಕ್ಕೆ ಕಣ್ಣಾರೆ ಸಾಕ್ಷಿಯಾಗಿದ್ದೆ.

ಪದ್ಮಕ್ಕನ ಕೈಯ ಕೊಬ್ಬರಿ ಮಿಠಾಯಿಗೆ ಬೀದಿಯಲ್ಲಿ ಒಳ್ಳೆಯ ಹೆಸರಿದೆ. ಹೆಸರಿಗೆ ಕೊಬ್ಬರಿ ಮಿಠಾಯಿ ಎಂದರೂ ನಮ್ಮ ಕಡೆ ಅದನ್ನು ಮಾಡುವುದು ಹಸಿ ತೆಂಗಿನಕಾಯಿಯ ತುರಿಯಿಂದ. ತಿಪಟೂರಿನ ಮಾರುಕಟ್ಟೆಗೆ ಬರುವ ಉಂಡೆ ಕೊಬ್ಬರಿ ಬೇರೆಯದೇ ವಸ್ತು. ಕಾಯಿಯನ್ನು ಹೆಚ್ಚುಕಡಿಮೆ ಒಂದು ವರ್ಷ ಅಟ್ಟದಲ್ಲಿಟ್ಟು, ಒಳಗಿನ ತಿರುಳು ತಾನಾಗಿ ಒಣಗಿ ಚಿಪ್ಪಿನಿಂದ ಬಿಟ್ಟುಕೊಂಡ ಮೇಲೆ ಒಡೆಯುವಂಥದ್ದು. ಪದ್ಮಕ್ಕನಿಗೆ ಹಸಿ ಕಾಯಿ ಗುಬ್ಬಿ ಕಡೆಯ ತವರಿನ ತೋಟದಿಂದಲೇ ಬರುತ್ತದೆ. ತುರಿ ಮತ್ತು ಸಕ್ಕರೆಯನ್ನು ಸಮತೂಕ ತೆಗೆದುಕೊಂಡು, ದಪ್ಪ ತಳದ ಬಾಣಲೆಯಲ್ಲಿ ಒಟ್ಟಿಗೆ ಹಾಕಿ, ಹದವಾದ ಉರಿಯಲ್ಲಿ ಕೈಬಿಡದೆ ಮಗುಚುತ್ತಾ, ಮಿಶ್ರಣ ತಳ ಬಿಟ್ಟು ಬಂದು ಬಾಣಲೆಯ ಅಂಚಿನಲ್ಲಿ ಬಿಳಿ ಪೊರೆ ಕಟ್ಟುವಾಗ ಎರಡು ಚಮಚ ತುಪ್ಪವನ್ನೂ ಏಲಕ್ಕಿಯನ್ನೂ ಸೇರಿಸಿ, ತುಪ್ಪ ಸವರಿದ ಊಟದ ದೊಡ್ಡ ತಟ್ಟೆಗೆ ಸುರಿದು, ಬಟ್ಟಲಿನ ತಳದಿಂದ ತಟ್ಟಿ ಸಮಮಾಡುತ್ತಾರೆ. ಮನೆಮಂದಿಗೆಂದು ಮಾಡುವಾಗ ತುಂಡು ಚಿಕ್ಕದಾದರೂ ದೊಡ್ಡದಾದರೂ ಯಾರೂ ಕೇಳಿದವರಿಲ್ಲ. ಎಣಿಸಿ ಕೊಡಬೇಕಾದ ಆರ್ಡರು ಬಂದಾಗಲೇ ತೊಂದರೆ ಕಾಣಿಸಿಕೊಂಡದ್ದು.

ಸೀಮಂತದ ಆರ್ಡರು

ಪರಿಚಯದ ಮನೆಯೊಂದರ ಸೀಮಂತಕ್ಕೆ ತಾಂಬೂಲದ ಪೊಟ್ಟಣಕ್ಕೆ ಒಂದರಂತೆ 125 ತುಂಡು ಮಿಠಾಯಿ ಬೇಕೆಂದು ಕೇಳಿದ್ದರು. ಪದ್ಮಕ್ಕ ಹತ್ತು ಕಾಯಿ ತುರಿದು, ದೊಡ್ಡ ಬಾಣಲೆಯಲ್ಲಿ ಒಂದೇ ಸಲಕ್ಕೆ ಪಾಕ ಮಾಡಿ, 35 ಸೆಂ.ಮೀ. ಅಗಲದ ಎರಡು ದುಂಡು ತಟ್ಟೆಗಳಿಗೆ ಹಂಚಿದರು. ಬೇಗ ಆರಲಿ ಎಂದು ಎರಡನ್ನೂ ಹಜಾರಕ್ಕೆ ತಂದು ಫ್ಯಾನಿನ ಕೆಳಗಿಟ್ಟರು. ಹತ್ತು ನಿಮಿಷದ ನಂತರ ಮೊದಲ ತಟ್ಟೆಗೆ ಚಾಕು ಹಾಕಿದರು.

ಚಾಕು ಹೋದ ಕಡೆ ಗೆರೆ ನಿಲ್ಲಲಿಲ್ಲ. ಎಳೆದ ಗೆರೆಯ ಎರಡೂ ಬದಿ ಮೆಲ್ಲಗೆ ಮತ್ತೆ ಕೂಡಿಕೊಳ್ಳುತ್ತಿತ್ತು, ಚಾಕುವಿಗೆ ಮೆತ್ತಿಕೊಂಡ ತುರಿಯನ್ನು ಪ್ರತಿ ಸಾಲಿಗೂ ಒರೆಸಬೇಕಾಗುತ್ತಿತ್ತು. ಹೀಗೆ ಎಳೆಯುತ್ತಾ, ಒರೆಸುತ್ತಾ, ಕೂಡಿಕೊಂಡ ಗೆರೆಯನ್ನು ಮತ್ತೆ ಎಳೆಯುತ್ತಾ ಒಂದು ತಟ್ಟೆಗೇ ನಲವತ್ತು ನಿಮಿಷ ಹಿಡಿಯಿತು. ಎರಡನೆಯ ತಟ್ಟೆಗೆ ಕೈ ಹಾಕುವ ಹೊತ್ತಿಗೆ ಅದು ಕಲ್ಲಾಗಿತ್ತು. ಚಾಕು ಊರಿದರೆ ಟಕ್ಕೆಂದು ಸೀಳು ಬಿಟ್ಟು, ಬೇಕಾದ ಕಡೆ ಬಿಟ್ಟು ಬೇರೆಲ್ಲೋ ಓಡುತ್ತಿತ್ತು. ಮೇಲುಗಡೆ ಹಪ್ಪಳದ ಹಾಗೆ ಒಂದು ಪದರ, ಕೆಳಗೆ ಪುಡಿ.

ಕೊನೆಗೆ ಎಣಿಸಿದಾಗ ಕೊಡಬಹುದಾದ ತುಂಡು 94 ಮಾತ್ರ ಇದ್ದವು. ಇನ್ನೊಂದು ಸಲ ಮಾಡಲು ಮನೆಯಲ್ಲಿ ಕಾಯಿಯೂ ಇರಲಿಲ್ಲ, ಹೊತ್ತೂ ಇರಲಿಲ್ಲ. ಉಳಿದ 31 ಪೊಟ್ಟಣಕ್ಕೆ ತಟ್ಟೆಯ ಅಂಚಿನಲ್ಲಿ ಉಳಿದ ಮೂಲೆತುಂಡುಗಳನ್ನು ಎರಡೆರಡು ಜೋಡಿಸಿ ಇಟ್ಟರು. ತೂಕದಲ್ಲಿ ಮೋಸವಿರಲಿಲ್ಲ, ಕೆಲವರಿಗೆ ಹೆಚ್ಚೇ ಹೋಗಿತ್ತು. ಆದರೆ ಮರುದಿನ ಆ ಮನೆಯ ಹಿರಿಯರು ಬಂದು, "ರುಚಿಗೆ ಎರಡು ಮಾತಿಲ್ಲ ಪದ್ಮಕ್ಕ, ಆದ್ರೆ ದೊಡ್ಡೋರ ಕೈಗೆ ಚೂರು ಕೊಟ್ಟ ಹಾಗಾಯ್ತಲ್ಲಮ್ಮ" ಎಂದರು. ತಾಂಬೂಲದಲ್ಲಿ ಕೊಡುವುದು ತಿನ್ನುವ ವಸ್ತು ಮಾತ್ರವಲ್ಲ, ಮರ್ಯಾದೆಯೂ ಹೌದು. ಪಕ್ಕದವರ ಪೊಟ್ಟಣದಲ್ಲಿ ಇಡೀ ತುಂಡಿದ್ದು ತಮ್ಮದರಲ್ಲಿ ಎರಡು ಚೂರಿದ್ದರೆ ಯಾರಿಗಾದರೂ ನೋವಾಗುತ್ತದೆ. ಪದ್ಮಕ್ಕ ತಾವಾಗಿಯೇ 500 ರೂಪಾಯಿ ಹಿಂದಿರುಗಿಸಿದರು. ಆ ದುಡ್ಡಿಗಿಂತ ಆ ಮಾತೇ ಅವರನ್ನು ಹೆಚ್ಚು ಕಾಡಿತು.

ಮೊದಲು ಮಾಡಿನೋಡಿದವು

ತಪ್ಪು ಚಾಕುವಿನದು ಎಂಬುದು ಅವರ ಮೊದಲ ತೀರ್ಮಾನ. ಬ್ರೆಡ್ಡು ಕೊಯ್ಯುವ ಹಲ್ಲಿನ ಚಾಕು ತಂದರು. ಅದರಿಂದ ಸ್ಥಿತಿ ಇನ್ನೂ ಕೆಟ್ಟಿತು, ಏಕೆಂದರೆ ಹಲ್ಲುಗಳು ತುರಿಯ ಎಳೆಗಳನ್ನು ಹಿಡಿದು ಎಳೆಯುತ್ತವೆ, ತುಂಡಿನ ಮೈ ಕಿತ್ತ ಹುಲ್ಲಿನಂತಾಗುತ್ತದೆ. ಆಮೇಲೆ ಮಗಳು ಎಲ್ಲೋ ನೋಡಿ ಹೇಳಿದಂತೆ, ಚಾಕುವನ್ನು ಬಿಸಿನೀರಿನಲ್ಲಿ ಅದ್ದಿ ಅದ್ದಿ ಕತ್ತರಿಸಿದರು. ಬೆಣ್ಣೆ, ಚೀಸು, ಚಾಕಲೇಟು ಸೇರಿದ ಕೇಕಿನಂಥವಕ್ಕೆ ಆ ಉಪಾಯ ಸರಿಯಾದದ್ದು. ಬಿಸಿ ತಾಗಿದ ಕಡೆ ಕೊಬ್ಬು ಕರಗಿ ಚಾಕುವಿಗೆ ದಾರಿ ಬಿಡುತ್ತದೆ. ಕೊಬ್ಬರಿ ಮಿಠಾಯಿಯನ್ನು ಹಿಡಿದು ನಿಲ್ಲಿಸಿರುವುದು ಸಕ್ಕರೆ. ಚಾಕುವಿನ ಬಿಸಿಗೆ ಸಕ್ಕರೆ ಕರಗುವುದಿಲ್ಲ, ಆದರೆ ಚಾಕುವಿಗೆ ಅಂಟಿದ ನೀರಿಗೆ ಕರಗುತ್ತದೆ. ಆದ್ದರಿಂದ ಕತ್ತರಿಸಿದ ಮೈಯೆಲ್ಲ ಅಂಟಂಟಾಗಿ, ಡಬ್ಬಿಯಲ್ಲಿಟ್ಟ ತುಂಡುಗಳು ಸಂಜೆಯ ಹೊತ್ತಿಗೆ ಒಂದಕ್ಕೊಂದು ಕಚ್ಚಿಕೊಂಡಿದ್ದವು. ನೀರಿನ ಪಸೆ ಉಳಿದರೆ ತಿಂಡಿ ಬೇಗ ಹಳಸುವ ಭಯವೂ ಇದೆ.

ಮೂರನೆಯ ಸಲ ತಟ್ಟೆಯನ್ನು ಫ್ರಿಜ್ಜಿನಲ್ಲಿಟ್ಟು ಪೂರ್ತಿ ಗಟ್ಟಿಯಾದ ಮೇಲೆ ಕತ್ತರಿಸಿದರು. ಸೀಳುಗಳು ಮತ್ತಷ್ಟು ಹೆಚ್ಚಿದವು. ಹೊರಗೆ ತೆಗೆದಿಟ್ಟ ಮೇಲೆ ತಣ್ಣನೆಯ ಮಿಠಾಯಿಯ ಮೇಲೆ ಬೆವರು ಕಟ್ಟಿ, ಮೇಲ್ಮೈಯೂ ಅಂಟಾಯಿತು.

ಇದರ ನಡುವೆ ಮಗಳು ಪಾಕದ ಥರ್ಮಾಮೀಟರು ತರಿಸಿದಳು. ಮೊದಲು ಸಕ್ಕರೆ ಪಾಕ ಮಾಡಿ ಅದು 115 ಡಿಗ್ರಿ ಸೆಲ್ಸಿಯಸ್ ಮುಟ್ಟಿದ ಮೇಲೆ ತುರಿ ಹಾಕುವುದು ಎಂದು ಅವಳು ಬರೆದುಕೊಂಡಿದ್ದಳು. ಆ ಸಲ ಮಿಠಾಯಿ ತಟ್ಟೆಗೆ ಸುರಿಯುವಷ್ಟರಲ್ಲೇ ಬಿಗಿದುಕೊಂಡಿತು. ಇದು ಹುಡುಗಿಯ ತಪ್ಪಲ್ಲ. ತುಮಕೂರು ಸಮುದ್ರಮಟ್ಟಕ್ಕಿಂತ 800 ಮೀಟರಿಗೂ ಹೆಚ್ಚು ಎತ್ತರದಲ್ಲಿದೆ, ಕೋಲಾರ, ಚಿಕ್ಕಬಳ್ಳಾಪುರಗಳೂ ಹಾಗೆಯೇ. ಇಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ, ಪಾಕದ ಪ್ರತಿ ಹದವೂ ಅಷ್ಟೇ ಅಂತರದಲ್ಲಿ ಮೊದಲೇ ಬರುತ್ತದೆ. ಕಡಲ ತೀರದ ಊರಿನಲ್ಲಿ 115ಕ್ಕೆ ಸಿಗುವ ಹದ ನಮ್ಮಲ್ಲಿ 112ರ ಆಸುಪಾಸಿನಲ್ಲಿ ಸಿಗುತ್ತದೆ. 115ರವರೆಗೆ ಕಾದರೆ ಪಾಕ ಹದ ಮೀರಿರುತ್ತದೆ. ಥರ್ಮಾಮೀಟರು ಬಳಸುವವರು ಮೊದಲು ಕುದಿಯುವ ನೀರಿನಲ್ಲಿ ಅದ್ದಿ, ಅದು ಎಷ್ಟು ತೋರಿಸುತ್ತದೆ ಎಂದು ನೋಡಿಕೊಂಡು, ನೂರಕ್ಕೆ ಎಷ್ಟು ಕಡಿಮೆಯೋ ಅಷ್ಟನ್ನು ಕಳೆದುಕೊಂಡರೆ ಸಾಕು. ಪದ್ಮಕ್ಕ ಮಾತ್ರ ತಮ್ಮ ಹಳೆಯ ವಿಧಾನಕ್ಕೇ ಮರಳಿದರು. ತಳ ಬಿಡುವ ಹದ ಅವರ ಕೈಗೆ ಚೆನ್ನಾಗಿ ಗೊತ್ತಿತ್ತು, ಅದರಲ್ಲಿ ದೋಷವೂ ಇರಲಿಲ್ಲ.

ಎರಡು ತಟ್ಟೆಗಳು ಹೇಳಿದ್ದು

ನನ್ನನ್ನು ಕರೆದದ್ದು ಇಷ್ಟೆಲ್ಲ ಆದ ಮೇಲೆ. ಅವರು ಸೀಮಂತದ ದಿನದ ಕಥೆಯನ್ನು ಮೊದಲಿನಿಂದ ಹೇಳಿದಾಗ ನನ್ನ ಗಮನ ನಿಂತದ್ದು ಒಂದು ಕಡೆ. ಎರಡು ತಟ್ಟೆಗಳದ್ದೂ ಒಂದೇ ಬಾಣಲೆಯ ಪಾಕ, ಒಂದೇ ಕಾಯಿ, ಒಂದೇ ಚಾಕು, ಒಂದೇ ಕೈ. ಆದರೂ ಒಂದು ಅಂಟಿತು, ಇನ್ನೊಂದು ಸಿಡಿಯಿತು. ಪಾಕದ ತಪ್ಪಾಗಿದ್ದರೆ ಎರಡೂ ಒಂದೇ ರೀತಿ ಕೆಡಬೇಕಿತ್ತು, ಚಾಕುವಿನದಾಗಿದ್ದರೂ ಅಷ್ಟೆ. ಎರಡು ತಟ್ಟೆಗಳ ನಡುವೆ ಬೇರೆಯಾಗಿದ್ದದ್ದು ಹೊತ್ತು ಮಾತ್ರ. ಮೊದಲನೆಯದಕ್ಕೆ ಹದ ಬರುವ ಮೊದಲೇ ಚಾಕು ಬಿತ್ತು, ಎರಡನೆಯದಕ್ಕೆ ಹದ ಮೀರಿದ ಮೇಲೆ ಬಿತ್ತು. ಮೊದಲನೆಯದರ ಅಂಟಿನ ಜೊತೆ ಗುದ್ದಾಡುತ್ತಿದ್ದ ನಲವತ್ತು ನಿಮಿಷದಲ್ಲಿ ಎರಡನೆಯದರ ಸರಿಯಾದ ಗಳಿಗೆ ಯಾರೂ ನೋಡದೆ ಕಳೆದುಹೋಗಿತ್ತು.

ಇದನ್ನು ನಂಬಲು ಪದ್ಮಕ್ಕನಿಗೆ ಸ್ವಲ್ಪ ಕಷ್ಟವಾಯಿತು. "ಮೇಡಂ, ಇಪ್ಪತ್ತು ವರ್ಷದಿಂದ ಇದೇ ಹೊತ್ತಿಗೇ ಕತ್ತರಿಸ್ತಿದ್ದೀನಿ" ಎಂದರು. ಅದು ನಿಜವೇ. ಆದರೆ ಮನೆಗೆ ಮಾಡುವಾಗ ಎರಡು ಕಾಯಿಯ ಮಿಠಾಯಿ ತೆಳ್ಳಗೆ ಒಂದು ತಟ್ಟೆಯಲ್ಲಿರುತ್ತಿತ್ತು, ಹತ್ತು ನಿಮಿಷಕ್ಕೆ ಹದ ಬರುತ್ತಿತ್ತು, ಐದು ನಿಮಿಷದಲ್ಲಿ ಕತ್ತರಿಸಿ ಮುಗಿಯುತ್ತಿತ್ತು. ಒಂದೂವರೆ ಸೆಂಟಿಮೀಟರು ದಪ್ಪದ ತಟ್ಟೆಗೆ ಆ ಲೆಕ್ಕ ಹೊಂದುವುದಿಲ್ಲ. ಮಾತಿನಲ್ಲಿ ವಾದಿಸುವುದಕ್ಕಿಂತ ಒಂದು ಸಲ ಮಾಡಿ ನೋಡೋಣ ಎಂದು ತೀರ್ಮಾನಿಸಿದೆವು. ಈ ಪ್ರಕರಣದ ದಿಕ್ಕು ಬದಲಾದದ್ದು ಅಲ್ಲಿಯೇ.

ನಾಲ್ಕು ಭಾಗದ ಪರೀಕ್ಷೆ

ಮೂರು ಕಾಯಿಯ ಮಿಠಾಯಿಯನ್ನು 28 ಸೆಂ.ಮೀ. ಉದ್ದ, 21 ಸೆಂ.ಮೀ. ಅಗಲದ, ಅಂಚು ನೆಟ್ಟಗಿರುವ ಟ್ರೇಯಲ್ಲಿ ಹಾಕಿ, ಫ್ಯಾನು ಹಾಕದೆ ಅಡುಗೆಮನೆಯ ಕಟ್ಟೆಯ ಮೇಲೆಯೇ ಬಿಟ್ಟೆವು. ಮನಸ್ಸಿನಲ್ಲೇ ಅದನ್ನು ನಾಲ್ಕು ಪಾಲು ಮಾಡಿಕೊಂಡು, ಒಂದು ಪಾಲಿಗೆ 12 ತುಂಡಿನಂತೆ, ಒಂದನ್ನು 10 ನಿಮಿಷಕ್ಕೆ, ಒಂದನ್ನು 20ಕ್ಕೆ, ಒಂದನ್ನು 30ಕ್ಕೆ, ಕೊನೆಯದನ್ನು 50ಕ್ಕೆ ಕತ್ತರಿಸುವುದೆಂದು ಗೊತ್ತುಮಾಡಿದೆವು. 10 ನಿಮಿಷದ ಪಾಲಿನಲ್ಲಿ ಗೆರೆಗಳು ಮತ್ತೆ ಕೂಡಿಕೊಂಡವು. 20ರದರಲ್ಲಿ 12ಕ್ಕೆ 12 ಬಂದವು, ಅಂಚು ಮಾತ್ರ ಸ್ವಲ್ಪ ಮೊಂಡಾಗಿತ್ತು. 30ರದರಲ್ಲಿ ಅಂಚು ಬಹಳ ಚೆನ್ನಾಗಿ ಬಂತು, ಆದರೆ ಎರಡು ತುಂಡಿನ ಮೂಲೆ ಮುರಿಯಿತು. 50 ನಿಮಿಷದ ಪಾಲಿನಲ್ಲಿ ಇಡಿಯಾಗಿ ಉಳಿದದ್ದು ಐದು. ಒಂದೇ ಟ್ರೇ, ಒಂದೇ ಕೈ. ಪದ್ಮಕ್ಕ ಐದು ತುಂಡುಗಳನ್ನು ಬೆರಳಲ್ಲಿ ಸರಿಸುತ್ತಾ ಬಹಳ ಹೊತ್ತು ನೋಡಿದರು.

ಹಾಗಾದರೆ 20ರಿಂದ 30 ನಿಮಿಷ ಎಂದು ಬರೆದುಕೊಂಡರೆ ಆಯಿತೇ ಎಂದರೆ, ಆಗಲಿಲ್ಲ. ನಾಲ್ಕು ದಿನ ಬಿಟ್ಟು, ಗಾಳಿ ಜೋರಾಗಿದ್ದ ಒಂದು ಮಧ್ಯಾಹ್ನ ಅದೇ ಪರೀಕ್ಷೆ ಮಾಡಿದಾಗ ಹದ 15ನೆಯ ನಿಮಿಷಕ್ಕೇ ಬಂದು 22ರ ಹೊತ್ತಿಗೆ ಮುಗಿದಿತ್ತು. ದಪ್ಪ, ಗಾಳಿ, ಕಾಯಿಯ ಬಲಿತ, ಪಾಕ ಒಂದಿಷ್ಟು ಮುಂದೆ ಹೋದದ್ದು, ಎಲ್ಲವೂ ಹೊತ್ತನ್ನು ಹಿಂದೆಮುಂದೆ ಮಾಡುತ್ತವೆ. ಆದ್ದರಿಂದ ಗಡಿಯಾರ ಬಿಟ್ಟು ಮಿಠಾಯಿಯಲ್ಲೇ ಒಂದು ಗುರುತು ಹುಡುಕಬೇಕಾಯಿತು.

ಆ ಗುರುತು ಕಂಡದ್ದು ಟ್ರೇಯ ಪಕ್ಕದಲ್ಲಿ ಬಗ್ಗಿ ನಿಂತಾಗ. ಸುರಿದು ತಟ್ಟಿದ ಕೂಡಲೇ ಮಿಠಾಯಿಯ ಮೈ ಒದ್ದೆಯಾದಂತೆ ಹೊಳೆಯುತ್ತದೆ, ಕಿಟಕಿಯ ಬೆಳಕು ಅದರಲ್ಲಿ ಕಾಣುತ್ತದೆ. ಸ್ವಲ್ಪ ಹೊತ್ತಿಗೆ ಅಂಚಿನಿಂದ ಹೊಳಪು ಹೋಗಿ ಮಬ್ಬು ಬಿಳುಪು ಏರತೊಡಗುತ್ತದೆ. ಸಾರಿಸಿದ ನೆಲ ಗೋಡೆಯ ಬದಿಯಿಂದ ಆರುತ್ತಾ ನಡುಮನೆಯತ್ತ ಬರುತ್ತದಲ್ಲ, ಥೇಟ್ ಹಾಗೆ. ಕೊನೆಗೆ ನಡುವೆ ರೂಪಾಯಿ ಬಿಲ್ಲೆಯಷ್ಟು ಹೊಳಪು ಉಳಿಯುತ್ತದೆ. ಅದೂ ಮಾಸಿದ ಗಳಿಗೆಯಲ್ಲಿ ಬೆರಳಿನ ಬೆನ್ನನ್ನು ಇಟ್ಟರೆ ಬಿಸಿ ಚೆನ್ನಾಗಿಯೇ ಇರುತ್ತದೆ, ಆದರೆ ಬೆರಳಿಗೆ ಏನೂ ಅಂಟುವುದಿಲ್ಲ. ಮುಂದಿನ ಮೂರು ಸಲವೂ ಈ ಗುರುತನ್ನೇ ಹಿಡಿದು ಚಾಕು ಹಾಕಿದೆವು, ಮೂರು ಸಲವೂ ಗೆರೆ ನಿಂತಿತು.

ಹೊಳಪು ಹೋಗುವುದರ ಕಾರಣವೂ ತಿಳಿದಿದ್ದರೆ ಒಳ್ಳೆಯದು. ಬಿಸಿಯಾಗಿರುವಾಗ ಸಕ್ಕರೆ ಪಾಕದ ರೂಪದಲ್ಲಿ ತುರಿಯ ಎಳೆಗಳ ನಡುವೆ ಹರಿಯುತ್ತಿರುತ್ತದೆ. ಆರುತ್ತಾ ಬಂದಂತೆ ಅದು ಸಣ್ಣ ಸಣ್ಣ ಹರಳಾಗಿ ಮರಳುತ್ತದೆ, ಹರಳುಗಳು ಬೆಳಕನ್ನು ಚೆದುರಿಸುವುದರಿಂದ ಮೈ ಬೆಳ್ಳಗೆ ಮಬ್ಬಾಗುತ್ತದೆ. ಹರಳು ಕಟ್ಟುವ ಮೊದಲು ಕತ್ತರಿಸಿದರೆ ಪಾಕ ಗೆರೆಯೊಳಗೆ ಹರಿದು ಮುಚ್ಚಿಬಿಡುತ್ತದೆ. ಹರಳೆಲ್ಲ ಒಂದಕ್ಕೊಂದು ಹೆಣೆದುಕೊಂಡು ಒಂದೇ ಬಂಡೆಯಾದ ಮೇಲೆ ಕತ್ತರಿಸಿದರೆ ಬಂಡೆ ತನಗೆ ಬೇಕಾದ ಕಡೆ ಸೀಳುತ್ತದೆ. ಫ್ಯಾನಿನ ಕೆಳಗೆ ಇಟ್ಟಾಗ ಮೇಲಿನ ಪದರ ಮಾತ್ರ ಬೇಗ ಬಿಗಿದು ಒಳಗೆ ಇನ್ನೂ ಮೆತ್ತಗಿರುತ್ತದೆ, ಆಗ ಎರಡೂ ದೋಷಗಳು ಒಟ್ಟಿಗೆ ಬರುತ್ತವೆ. ಸೀಮಂತದ ಎರಡನೆಯ ತಟ್ಟೆಯ ಹಪ್ಪಳದಂಥ ಪದರ ಬಂದದ್ದು ಹೀಗೆ.

ಕತ್ತರಿಸುವುದನ್ನು ಎರಡು ಹಂತ ಮಾಡಿದ್ದು ನಂತರದ ತೀರ್ಮಾನ. ಹೊಳಪು ಮಾಸಿದ ಕೂಡಲೇ ಮೂರು ಮಿ.ಮೀ. ಆಳಕ್ಕೆ ಗೀರು ಮಾತ್ರ ಹಾಕುವುದು. ಎಂಟು ಹತ್ತು ನಿಮಿಷ ಬಿಟ್ಟು ಅದೇ ಗೀರಿನಲ್ಲಿ ತಳದವರೆಗೆ ಒತ್ತುವುದು. ಆಮೇಲೆ ಎರಡು ಗಂಟೆ ಪೂರ್ತಿ ಆರುವವರೆಗೆ ಒಂದು ತುಂಡನ್ನೂ ಎತ್ತದಿರುವುದು. ಗಾಜು ಕತ್ತರಿಸುವವರು ಮೊದಲು ಗೀರು ಎಳೆದು ಆಮೇಲೆ ಮುರಿಯುವುದೂ ಇದೇ ಕಾರಣಕ್ಕೆ: ಗೀರು ಬಿದ್ದ ಕಡೆ ಬಲ ಕಡಿಮೆಯಾಗಿ, ಸೀಳು ಅದೇ ದಾರಿಯಲ್ಲಿ ಹೋಗುತ್ತದೆ. ಎರಡನೆಯ ಹಂತ ಐದು ನಿಮಿಷ ತಡವಾದರೂ ಗೀರು ಇದ್ದುದರಿಂದ ಹಾನಿಯಾಗಲಿಲ್ಲ. ಒಬ್ಬರೇ ಕೆಲಸ ಮಾಡುವವರಿಗೆ ಈ ಐದು ನಿಮಿಷದ ಸಡಿಲ ಬಹಳ ದೊಡ್ಡದು.

ಎಳೆಯುವುದೋ ಒತ್ತುವುದೋ

ಇಲ್ಲಿ ಪದ್ಮಕ್ಕನ ಅತ್ತೆಯವರ ಮಾತನ್ನು ದಾಖಲಿಸಲೇಬೇಕು. ಎಂಬತ್ತು ದಾಟಿದ ಅವರು ಅಲ್ಲಿಯವರೆಗೆ ಬಾಗಿಲ ಬಳಿ ಕುಳಿತು ನೋಡುತ್ತಿದ್ದರು. "ಚಾಕು ಯಾಕೆ ಎಳೀತೀಯಮ್ಮ, ನಮ್ಮಮ್ಮ ದೋಸೆ ಮಗುಚೋ ಕೈಯಲ್ಲಿ ಒತ್ತುತಾ ಇದ್ಲು" ಎಂದರು. ಪದ್ಮಕ್ಕ, "ಹೌದಾ ಅತ್ತೆ, ಮುಂಚೇನೇ ಹೇಳಬಾರದಾ" ಎನ್ನುತ್ತಾ ಗೂಡಿನಿಂದ ಅಗಲ ಬಾಯಿಯ, ಅಂಚು ನೆಟ್ಟಗಿದ್ದ ಮಗುಚುವ ಕೈಯನ್ನು ತಂದು, ಅಂಚಿಗೆ ತುಪ್ಪ ಸವರಿ, ಗೀರಿನ ಮೇಲಿಟ್ಟು ಅಂಗೈಯಿಂದ ಒತ್ತಿದರು. ಚಾಕುವನ್ನು ತಮ್ಮತ್ತ ಎಳೆದಾಗ ತುರಿಯ ಎಳೆಗಳೂ ಜೊತೆಗೆ ಎಳೆದುಕೊಂಡು ಬರುತ್ತವೆ. ನೇರವಾಗಿ ಕೆಳಕ್ಕೆ ಒತ್ತಿದಾಗ ಇದ್ದಲ್ಲೇ ತುಂಡಾಗುತ್ತವೆ. ಮೇಲೆತ್ತುವಾಗಲೂ ಆಚೀಚೆ ಅಲುಗಿಸದೆ ನೇರಕ್ಕೆ ಎತ್ತಬೇಕು. ಅಂದಿನಿಂದ ಚಾಕು ಗೀರಿಗೆ ಮಾತ್ರ, ಕತ್ತರಿಸುವುದಕ್ಕೆ ಮಗುಚುವ ಕೈ.

ಅಳತೆ ಮತ್ತು ಆಕಾರ

ಹೊತ್ತು ಸರಿಹೋದ ಮೇಲೂ ತುಂಡುಗಳು ಸಮವಾಗಿರಲಿಲ್ಲ. ಅಡುಗೆಮನೆಯ ತಕ್ಕಡಿಯಲ್ಲಿ ತೂಗಿದಾಗ ಅತಿ ಚಿಕ್ಕದು 14 ಗ್ರಾಂ, ಅತಿ ದೊಡ್ಡದು 31 ಗ್ರಾಂ ಬಂತು. ಪದ್ಮಕ್ಕ ಕಣ್ಣಂದಾಜಿನಲ್ಲಿ ಒಂದು ಸಾಲು ಕೊಯ್ದು, ಅದರ ಪಕ್ಕದಲ್ಲಿ ಅದೇ ಅಗಲಕ್ಕೆ ಇನ್ನೊಂದು, ಅದರ ಪಕ್ಕದಲ್ಲಿ ಮತ್ತೊಂದು, ಹೀಗೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗುತ್ತಿದ್ದರು. ಈ ಕ್ರಮದಲ್ಲಿ ಪ್ರತಿ ಸಾಲಿನ ಸಣ್ಣ ತಪ್ಪು ಮುಂದಿನದಕ್ಕೆ ಕೂಡುತ್ತಾ ಹೋಗುತ್ತದೆ. 28 ಸೆಂ.ಮೀ. ಉದ್ದವನ್ನು ಎಂಟು ಸಾಲು ಮಾಡಬೇಕಾದರೆ ಒಂದೊಂದೂ 35 ಮಿ.ಮೀ. ಇರಬೇಕು. ಒಂದೊಂದಕ್ಕೂ ಎರಡು ಮಿ.ಮೀ. ಹೆಚ್ಚಾದರೆ ಏಳು ಸಾಲಿಗೆ 259 ಮಿ.ಮೀ. ಹೋಗಿ ಎಂಟನೆಯದಕ್ಕೆ ಉಳಿಯುವುದು 21 ಮಾತ್ರ. ಎರಡು ಮಿ.ಮೀ. ಎಂಬುದು ಕಣ್ಣಿಗೆ ಕಾಣುವ ವ್ಯತ್ಯಾಸವೇ ಅಲ್ಲ, ಆದರೆ ಕೊನೆಯ ಸಾಲು ಮುಕ್ಕಾಲಕ್ಕಿಂತ ಕಡಿಮೆಯಾಗುತ್ತದೆ.

ಇದಕ್ಕೆ ಅರ್ಧಿಸುವ ಕ್ರಮ ಸರಿಯಾದದ್ದು. ಮೊದಲು ನಟ್ಟನಡುವೆ ಒಂದು ಗೀರು, ಪ್ರತಿ ಅರ್ಧದ ನಡುವೆ ಒಂದು, ಆ ಕಾಲುಭಾಗಗಳ ನಡುವೆ ಒಂದೊಂದು. ಮೂರು ಸಲಕ್ಕೆ ಎಂಟು ಸಾಲು ಆಗುತ್ತವೆ. ನಡುವನ್ನು ಗುರುತಿಸುವುದರಲ್ಲಿ ನಮ್ಮ ಕಣ್ಣು ಸಾಕಷ್ಟು ಚೆನ್ನಾಗಿದೆ. ಅಡ್ಡಕ್ಕೆ ಆರು ಸಾಲು ಬೇಕಿದ್ದುದರಿಂದ, ಅರ್ಧ ಮಾಡಿದ ಮೇಲೆ ಪ್ರತಿ ಅರ್ಧವನ್ನು ಮೂರು ಪಾಲು ಮಾಡಬೇಕಾಗಿತ್ತು, ಅದು ಕಣ್ಣಿಗೆ ಸುಲಭವಲ್ಲ. ಮಗಳು ತನ್ನ ಶಾಲೆಯ ಸ್ಕೇಲಿನಿಂದ ಅಳೆದು ಟ್ರೇಯ ನಾಲ್ಕೂ ಅಂಚಿನ ಹೊರಮೈಗೆ ಅಂಟುಪಟ್ಟಿ ಹಚ್ಚಿ ಮೂರೂವರೆ ಸೆಂಟಿಮೀಟರಿಗೊಂದು ಗೆರೆ ಹಾಕಿಕೊಟ್ಟಳು, ಎಲ್ಲ ಅಳತೆಯನ್ನೂ ಒಂದೇ ಮೂಲೆಯಿಂದ ಹಿಡಿದು. ಎದುರು ಬದಿರಿನ ಗೆರೆಗಳಿಗೆ ಸ್ಕೇಲು ತಾಗಿಸಿ ಗೀರಿದರೆ ಆಯಿತು.

ಆಕಾರದ ಬಗ್ಗೆ ಮನೆಯಲ್ಲಿ ಚರ್ಚೆಯೇ ನಡೆಯಿತು. ಮಿಠಾಯಿ ಎಂದರೆ ಡೈಮಂಡ್ ಆಕಾರವೇ ಇರಬೇಕು, ಚೌಕ ಕತ್ತರಿಸಿದರೆ ಅಂಗಡಿಯದರಂತೆ ಕಾಣುತ್ತದೆ ಎಂಬುದು ಅತ್ತೆಯವರ ಅಭಿಪ್ರಾಯ. ನನಗೂ ಡೈಮಂಡ್ ಆಕಾರದ ತುಂಡೇ ಚೆಂದ. ಆದರೆ ಓರೆಯಾಗಿ ಕತ್ತರಿಸಿದಾಗ ಅಂಚಿನುದ್ದಕ್ಕೂ ಮುಕ್ಕೋನದ ಅರೆತುಂಡುಗಳು ಉಳಿದೇ ಉಳಿಯುತ್ತವೆ. ದುಂಡು ತಟ್ಟೆಯಲ್ಲಂತೂ ಚೌಕ ಕತ್ತರಿಸಿದರೂ ನಷ್ಟ ತಪ್ಪದು. 35 ಸೆಂ.ಮೀ. ತಟ್ಟೆಯಲ್ಲಿ ಮಧ್ಯದಿಂದ ಸಾಲು ಹಿಡಿದು ಮೂರೂವರೆ ಸೆಂಟಿಮೀಟರಿನ ಚೌಕಗಳನ್ನು ಕಾಗದದ ಮೇಲೆ ಬರೆದು ಎಣಿಸಿದಾಗ ಇಡೀ ಚೌಕಗಳು 60 ಸಿಕ್ಕವು. ತಟ್ಟೆಯ ವಿಸ್ತೀರ್ಣಕ್ಕೆ 78 ಚೌಕ ಹಿಡಿಯುವಷ್ಟು ಜಾಗವಿದೆ. ಹೆಚ್ಚುಕಡಿಮೆ ಕಾಲುಭಾಗ ಅಂಚಿನ ಚೂರಿಗೇ ಹೋಗುತ್ತದೆ. ಅಂದರೆ ಸೀಮಂತದ ದಿನ ಆ ಎರಡು ತಟ್ಟೆಗಳಿಂದ, ಹೊತ್ತು ಎಷ್ಟೇ ಸರಿಯಾಗಿದ್ದರೂ, ಈ ಅಳತೆಯ 125 ಇಡೀ ತುಂಡು ಬರುವುದು ಸಾಧ್ಯವೇ ಇರಲಿಲ್ಲ. ಈ ಲೆಕ್ಕವನ್ನು ಕಾಗದದಲ್ಲಿ ಕಂಡಾಗ ಪದ್ಮಕ್ಕನ ಮುಖದಲ್ಲಿ ಬಂದ ಸಮಾಧಾನವನ್ನು ನಾನು ಮರೆಯಲಾರೆ. ತಮ್ಮ ಕೈಗುಣ ಕೆಟ್ಟಿತು ಎಂದೇ ಅವರು ಅಷ್ಟು ದಿನ ಕೊರಗಿದ್ದರು. ಆರ್ಡರಿಗೆ ಚೌಕ, ಹಬ್ಬಕ್ಕೆ ಮನೆಮಂದಿಗೆ ಡೈಮಂಡ್ ಎಂದು ಅತ್ತೆ ಸೊಸೆ ಒಪ್ಪಿಕೊಂಡರು.

ಎರಡನೆಯ ಆರ್ಡರು

ಗೃಹಪ್ರವೇಶಕ್ಕೆ 140 ತುಂಡಿನ ಆರ್ಡರು ಬಂದಾಗ ಅವರು ಒಪ್ಪಿಕೊಳ್ಳಲು ಒಂದು ದಿನ ಯೋಚಿಸಿದರು. ಮಂಡಿಪೇಟೆಯ ಪಾತ್ರೆ ಅಂಗಡಿಯಿಂದ ಅದೇ ಅಳತೆಯ ಇನ್ನೆರಡು ಟ್ರೇ ತಂದದ್ದು ಮೊದಲ ಖರ್ಚು. ಒಂದು ಟ್ರೇಗೆ ಆರರಂತೆ ಎಂಟು ಸಾಲು, 48 ತುಂಡು, ಮೂರಕ್ಕೆ 144. ಎಲ್ಲವನ್ನೂ ಒಂದೇ ಬಾಣಲೆಯಲ್ಲಿ ಮಾಡುವ ಆಸೆಯನ್ನು ಬಿಟ್ಟು, ಮೂರು ಮೂರು ಕಾಯಿಯ ಮೂರು ಪಾಕ ಮಾಡುವುದೆಂದು ತೀರ್ಮಾನಿಸಿದರು, ಪ್ರತಿ ಪಾಕದ ನಡುವೆ ಮುಕ್ಕಾಲು ಗಂಟೆ ಅಂತರವಿರುವಂತೆ. ಗ್ಯಾಸೂ ಹೊತ್ತೂ ಹೆಚ್ಚು ಖರ್ಚಾಗುತ್ತದೆ, ನಿಜ. ಆದರೆ ಪ್ರತಿ ಟ್ರೇಯ ಹೊಳಪು ಮಾಸುವ ಗಳಿಗೆಯಲ್ಲಿ ಅದರ ಮುಂದೆ ಒಬ್ಬರು ಬಿಡುವಾಗಿ ನಿಂತಿರುತ್ತಾರೆ. ಇಡೀ ಪ್ರಕರಣದಲ್ಲಿ ನನಗೆ ಅತ್ಯಂತ ಬೆಲೆಯುಳ್ಳದ್ದಾಗಿ ಕಂಡ ನಿರ್ಧಾರ ಇದು. ಪಾಕ ಮಾಡುವ ಶಕ್ತಿ ಒಬ್ಬರಿಗೆ ಹತ್ತು ಕಾಯಿಯಷ್ಟಿರಬಹುದು, ಹದ ಇರುವ ಹತ್ತು ನಿಮಿಷದೊಳಗೆ ಕತ್ತರಿಸುವ ಶಕ್ತಿ ಅಷ್ಟಿರುವುದಿಲ್ಲ.

ಟ್ರೇಗೆ ಬಟರ್ ಪೇಪರ್ ಹಾಸಿ, ಎರಡು ಬದಿಗೆ ನಾಲ್ಕು ಬೆರಳಿನಷ್ಟು ಹೊರಗೆ ಬಿಟ್ಟಿದ್ದರು. ಆರಿದ ಮೇಲೆ ಆ ಕಿವಿಗಳನ್ನು ಹಿಡಿದು ಇಡೀ ಮಿಠಾಯಿಯನ್ನು ಮಣೆಯ ಮೇಲಕ್ಕೆ ಎತ್ತಿಕೊಂಡರೆ, ಮೂಲೆಯ ಮೊದಲ ತುಂಡನ್ನು ಕೆದಕಿ ತೆಗೆಯುವ ಕಷ್ಟವಿಲ್ಲ. ಎರಡನೆಯ ಟ್ರೇಯಲ್ಲಿ ಒಂದು ಅಡ್ಡಿಯಾಯಿತು. ಯಾರೋ ಬಾಗಿಲಿಗೆ ಬಂದು ಮಾತಾಡುತ್ತಾ ನಿಂತದ್ದರಿಂದ ಗೀರು ಹಾಕುವುದು ತಡವಾಗಿ, ಕೊನೆಯ ಸಾಲಿನ ಆರು ತುಂಡಿನಲ್ಲಿ ಮೂರು ಮುರಿದವು. ಪದ್ಮಕ್ಕ ಆ ಮೂರನ್ನು ಬಾಣಲೆಗೆ ಹಾಕಿ, ನಾಲ್ಕು ಚಮಚ ನೀರು ಚಿಮುಕಿಸಿ, ಸಣ್ಣ ಉರಿಯಲ್ಲಿ ಕರಗಿಸಿ, ಮೂರನೆಯ ಪಾಕಕ್ಕೇ ಸೇರಿಸಿ ಮಗುಚಿದರು. ಹದ ಮೀರಿ ಪುಡಿಯಾದ ಮಿಠಾಯಿಯನ್ನು ಹೀಗೆ ಉಳಿಸಿಕೊಳ್ಳಬಹುದು ಎಂಬುದು ಅನೇಕರಿಗೆ ತಿಳಿದಿರುವುದಿಲ್ಲ. ಹಾಲು ಹಾಕಿಯೂ ಮಾಡುತ್ತಾರೆ, ಆದರೆ ಹಾಲು ಬಿದ್ದದ್ದು ಬಹಳ ದಿನ ಇಡಲು ಬಾರದು.

ಒಟ್ಟು 141 ಇಡೀ ತುಂಡುಗಳು ಬಂದವು. ಅಲ್ಲಲ್ಲಿಂದ ಇಪ್ಪತ್ತನ್ನು ಆರಿಸಿ ತೂಗಿದಾಗ 20ರಿಂದ 24 ಗ್ರಾಮಿನೊಳಗೆ ಇದ್ದವು. ಹೆಚ್ಚಿನದೊಂದನ್ನು ದೇವರ ಮುಂದೆ ಇಟ್ಟು, ಅತ್ತೆಯವರಿಗೆ ಕೊಟ್ಟರು.

ಬೇರೆ ತಿಂಡಿಗಳಿಗೆ ಇದು ಎಷ್ಟು ಹೊಂದುತ್ತದೆ

ಈ ಪ್ರಕರಣ ತಿಳಿದ ಕೆಲವರು ಹೊಳಪಿನ ಗುರುತನ್ನು ಎಲ್ಲ ಸಿಹಿಗೂ ಹಚ್ಚಲು ನೋಡಿದ್ದಾರೆ; ಅದು ಸರಿಯಲ್ಲ. ತಿಂಡಿಯನ್ನು ಗಟ್ಟಿಯಾಗಿ ನಿಲ್ಲಿಸಿರುವುದು ಯಾವುದು ಎಂದು ಮೊದಲು ನೋಡಬೇಕು. ಸಕ್ಕರೆಯ ಹರಳಿನಿಂದ ನಿಲ್ಲುವ ಕೊಬ್ಬರಿ ಮಿಠಾಯಿ, ಸೆವೆನ್ ಕಪ್ ಬರ್ಫಿಗಳಲ್ಲಿ ಬಿಸಿ ಇರುವಾಗಲೇ ಗೀರು ಹಾಕಬೇಕು. ಹಾಲುಬಾಯಿಯ ರೀತಿಯೇ ಬೇರೆ. ಅದನ್ನು ನಿಲ್ಲಿಸುವುದು ಅಕ್ಕಿಯ ಗಂಜಿ, ಬಿಸಿಯಲ್ಲಿ ಚಾಕು ಹಾಕಿದರೆ ಹರಿದುಹೋಗುತ್ತದೆ. ಪೂರ್ತಿ ತಣ್ಣಗಾದ ಮೇಲೆ ತುಪ್ಪ ಸವರಿದ ತೆಳು ಚಾಕುವಿನಿಂದ ನಿಧಾನವಾಗಿ ಕತ್ತರಿಸಿದರೆ ಕನ್ನಡಿಯಂಥ ಮೈ ಬರುತ್ತದೆ. ತುಪ್ಪವೇ ಹೆಚ್ಚಾಗಿರುವ ಮೆತ್ತನೆಯ ಮೈಸೂರು ಪಾಕು ತುಪ್ಪ ಹೆಪ್ಪುಗಟ್ಟುವವರೆಗೂ ಕಾಯಬಲ್ಲದು. ಹಳೆಯ ಕಾಲದ ಗೂಡುಗೂಡಾದ ಗಟ್ಟಿ ಮೈಸೂರು ಪಾಕಿಗೆ ಸಿಗುವುದು ಕೆಲವೇ ನಿಮಿಷ. ಒಳಗೆ ಇನ್ನೂ ಸುಡುಸುಡು ಇರುವಾಗಲೇ ಗೀರು ಮತ್ತು ಕತ್ತರಿಕೆ ಎರಡೂ ಮುಗಿಯಬೇಕು.

ಆ ಕೊನೆಯದನ್ನು ಪದ್ಮಕ್ಕ ಈವರೆಗೆ ನಾಲ್ಕು ಸಲ ಮಾಡಿನೋಡಿದ್ದಾರೆ. ಒಂದು ಸಲ ಮಾತ್ರ ಟ್ರೇಯ ಅರ್ಧದಷ್ಟು ತುಂಡುಗಳು ಸರಿಯಾಗಿ ಬಂದವು. ಅದಕ್ಕೆ ಇನ್ನೂ ಆರ್ಡರು ಹಿಡಿಯುತ್ತಿಲ್ಲ. ಯಾರಾದರೂ ಕೇಳಿದರೆ, "ಅದು ನನ್ನ ಕೈಗೆ ಇನ್ನೂ ಬಂದಿಲ್ಲಮ್ಮ, ಬಂದ ಮೇಲೆ ಹೇಳ್ತೀನಿ" ಎಂದು ಕೊಬ್ಬರಿ ಮಿಠಾಯಿಯ ಡಬ್ಬಿಯನ್ನು ಮುಂದಿಡುತ್ತಾರೆ.